ಸಮಸ್ಯಾಪೂರ್ತಿಯೂ ಕಥನವೂ: ಒಂದು ಡಿಜಿಟಲ್ ತರಗತಿಯ ಅಭ್ಯಾಸಗಳನ್ನು ಕುರಿತು

೧

ಕಥೆ ಹೇಳುವ ಕಲೆಯನ್ನು ತರಗತಿಯಲ್ಲಿ ಕಲಿಸಬಹುದೇ ಎಂಬ ಪ್ರಶ್ನೆ ಹೊಸದಲ್ಲ. ಕಾವ್ಯದ ಹುಟ್ಟಿಗೆ ಕಾರಣವೇನೆಂದು ವಿಚಾರಮಾಡಿದ ನಮ್ಮ ಆಲಂಕಾರಿಕರೂ ಇದೇ ಪ್ರಶ್ನೆಯನ್ನು ಇನ್ನೊಂದು ರೂಪದಲ್ಲಿ ಎದುರಿಸಿದ್ದರು. ಹುಟ್ಟಿನೊಡನೆ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ಪರಿಶೀಲಿಸಿ ಪಡೆದ ನಿಪುಣತೆ, ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ಮಾಡಿದ ಅಭ್ಯಾಸ, ಈ ಮೂರನ್ನು ಹೆಸರಿಸಿದ ಮಮ್ಮಟನು, ಇವು ಮೂರು ಬೇರೆಬೇರೆ ಹೇತುಗಳಲ್ಲವೆಂದೂ ಮೂರೂ ಕೂಡಿ ಒಂದೇ ಹೇತುವಾಗುವುದೆಂದೂ ವಿವರಿಸಿದನು. ಈ ಮಾತಿನಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಅಭ್ಯಾಸವೆಂಬುದು ಶಕ್ತಿಗೆ ಹೊರಗಿನಿಂದ ಅಂಟಿಸಿದ ವಸ್ತುವಲ್ಲ. ಅದು ಕಾವ್ಯದ ಹುಟ್ಟಿನಲ್ಲಿಯೇ ಪಾಲುಗೊಳ್ಳತಕ್ಕದ್ದು. ಅಲ್ಲದೆ ಆ ಅಭ್ಯಾಸವು ಒಬ್ಬಂಟಿಯಾಗಿ ಮಾಡತಕ್ಕದ್ದಲ್ಲ. ಬಲ್ಲವರೊಬ್ಬರ ಸಮಕ್ಷಮದಲ್ಲಿ ನಡೆಯಬೇಕಾದುದು.

ಇಂದು ಕಥೆಯನ್ನು ಹೇಳುವವರ ಕೈಯಲ್ಲಿ ಲೇಖನಿಯೊಂದೇ ಇಲ್ಲ. ಚಿತ್ರ, ಧ್ವನಿ, ಚಲಚ್ಚಿತ್ರ ಇವೆಲ್ಲವನ್ನೂ ಒಂದೇ ಯಂತ್ರದಲ್ಲಿ ಹಿಡಿದು, ಕತ್ತರಿಸಿ, ಜೋಡಿಸಿ, ಲೋಕಕ್ಕೆ ತೋರಿಸುವ ಅನುಕೂಲ ಪ್ರತಿಯೊಬ್ಬ ವಿದ್ಯಾರ್ಥಿಗೂ ದೊರೆತಿದೆ. ಇದಕ್ಕೆ ಡಿಜಿಟಲ್ ಕಥನವೆಂದು ಹೆಸರಾಗಿ, ಅದನ್ನು ಕಲಿಸುವ ತರಗತಿಗಳೂ ಹುಟ್ಟಿಕೊಂಡಿವೆ. ನಮ್ಮ ಮಕ್ಕಳಿಗೂ ಇಂತಹ ತರಗತಿಯೊಂದನ್ನು ಏಕೆ ನಡೆಸಬಾರದೆಂಬ ಮಾತು ಹೊರನಾಡಿನ ಕನ್ನಡಿಗರು ಕೂಡಿದಲ್ಲಿ ಕೇಳಿಬರುವುದುಂಟು. ಹಿರಿಯರು ಊರು ಬಿಟ್ಟು ಬಂದ ಕಥೆಯನ್ನು ಓದಲು ಬಾರದ ಮೊಮ್ಮಕ್ಕಳು, ಅದನ್ನು ಚಿತ್ರದಲ್ಲಿಯೂ ಧ್ವನಿಯಲ್ಲಿಯೂ ಆದರೂ ಹೇಳಲಿ ಎಂಬುದು ಆ ಮಾತಿನ ಹಿಂದಿರುವ ಆಸೆ. ಆಸೆ ಯೋಗ್ಯವಾದುದೇ. ಆದರೆ ತರಗತಿಯೆಂದಮೇಲೆ ಅಲ್ಲಿ ಅಸೈನ್‌ಮೆಂಟ್ ಇರುತ್ತದೆ, ಅದನ್ನು ಪೂರ್ತಿಮಾಡಿದ್ದಕ್ಕೆ ಗುಣಾಂಕವಿರುತ್ತದೆ. ಕೊಟ್ಟ ಕೆಲಸವನ್ನು ಪೂರ್ತಿಮಾಡುವುದಕ್ಕೂ ಕಥೆ ಹೇಳುವುದಕ್ಕೂ ಇರುವ ಸಂಬಂಧವೇನು? ಇದನ್ನು ಒಂದು ಪ್ರಸಿದ್ಧ ತರಗತಿಯ ನಿದರ್ಶನದಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಈ ಕಲಾಪ್ರಕಾರದ ವಂಶವೃತ್ತಾಂತವನ್ನು ಸಂಗ್ರಹವಾಗಿ ಹೇಳಬೇಕು. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಡೇನಾ ಆಚ್ಲಿ ಎಂಬ ಕಲಾವಿದನೂ ರಂಗಭೂಮಿಯ ಹಿನ್ನೆಲೆಯಿಂದ ಬಂದ ಜೋ ಲ್ಯಾಂಬರ್ಟ್ ಎಂಬವನೂ ಕೂಡಿ ೧೯೯೦ರ ದಶಕದ ಮೊದಲ ಭಾಗದಲ್ಲಿ ಸಾಮಾನ್ಯ ಜನರಿಗಾಗಿ ಕಮ್ಮಟಗಳನ್ನು ನಡೆಸಿದರು. ಮನೆಯ ಹಳೆಯ ಭಾವಚಿತ್ರಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲೆ ತಮ್ಮದೇ ಧ್ವನಿಯಲ್ಲಿ ಒಂದು ವೃತ್ತಾಂತವನ್ನು ಓದಿ, ಎರಡು ಮೂರು ನಿಮಿಷಗಳ ಚಿತ್ರವನ್ನು ಮಾಡುವುದು ಅಲ್ಲಿಯ ಪದ್ಧತಿ. ಈ ಕೆಲಸದಿಂದ ಬೆಳೆದ ಸಂಸ್ಥೆ ಬರ್ಕ್ಲಿಯಲ್ಲಿ ನೆಲೆಸಿತು. ೨೦೧೫ರಲ್ಲಿ ಸ್ಟೋರಿಸೆಂಟರ್ ಎಂಬ ಹೆಸರನ್ನು ಪಡೆಯಿತು. ದೃಷ್ಟಿಕೋನ, ಕುತೂಹಲದ ಪ್ರಶ್ನೆ, ಭಾವವಸ್ತು, ಸ್ವಂತ ಧ್ವನಿ, ಹಿನ್ನೆಲೆ ಸಂಗೀತ, ಮಿತವ್ಯಯ, ಲಯ ಎಂಬ ಏಳು ಅಂಗಗಳನ್ನು ಅವರು ಗುರುತಿಸಿದರು. ಬಿ.ಬಿ.ಸಿ. ಸಂಸ್ಥೆಯು ವೇಲ್ಸ್ ಪ್ರಾಂತದಲ್ಲಿ ೨೦೦೧ರಿಂದ ೨೦೦೮ರವರೆಗೆ ನಡೆಸಿದ ಯೋಜನೆಯಲ್ಲಿ ಡೇನಿಯಲ್ ಮೆಡೋಸ್ ಎಂಬ ಛಾಯಾಚಿತ್ರಕಾರನು ಇದೇ ಪದ್ಧತಿಯನ್ನು ಇನ್ನಷ್ಟು ಬಿಗಿಗೊಳಿಸಿದನು. ಸುಮಾರು ೨೫೦ ಮಾತುಗಳು, ಹನ್ನೆರಡು ಚಿತ್ರಗಳು, ಎರಡು ನಿಮಿಷಗಳು: ಇಷ್ಟರಲ್ಲಿ ಒಂದು ಬಾಳಿನ ಪ್ರಸಂಗ ಮುಗಿಯಬೇಕು.

ಇದು ಒಂದು ಕವಲು. ಇಲ್ಲಿ ಹೇಳುವವನಲ್ಲಿ ಕಥೆ ಮೊದಲೇ ಇರುತ್ತದೆ. ಕಮ್ಮಟವು ಅದಕ್ಕೆ ಅಳತೆಯನ್ನು ಮಾತ್ರ ಕೊಡುತ್ತದೆ. ಎರಡನೆಯ ಕವಲು ಇದಕ್ಕಿಂತ ಭಿನ್ನವಾದುದು. ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಪಟ್ಟಣದಲ್ಲಿರುವ ಮೇರಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಕಂಪ್ಯೂಟರ್ ವಿಜ್ಞಾನದ ೧೦೬ನೆಯ ಪಾಠವಾಗಿ ಜಿಮ್ ಗ್ರೂಮ್ ಎಂಬವನು ೨೦೧೦ರಲ್ಲಿ ಡಿಜಿಟಲ್ ಕಥನವನ್ನು ಕಲಿಸತೊಡಗಿದನು. ೨೦೧೧ರ ಜನವರಿಯಲ್ಲಿ ಆ ತರಗತಿಯ ಬಾಗಿಲನ್ನು ಹೊರಗಿನ ಎಲ್ಲರಿಗೂ ತೆರೆಯಲಾಯಿತು. ಶುಲ್ಕವಿಲ್ಲ, ಪದವಿಯಿಲ್ಲ, ಯಾವ ದೇಶದವನಾದರೂ ಬಂದು ವಿದ್ಯಾರ್ಥಿಗಳೊಡನೆ ಕೂಡಿ ಕೆಲಸಮಾಡಬಹುದು, ಬೇಕೆನಿಸಿದಾಗ ಬಿಡಬಹುದು. ಡಿ.ಎಸ್. ೧೦೬ ಎಂಬ ಹೆಸರಿನಿಂದ ಇದು ಶಿಕ್ಷಣಕ್ಷೇತ್ರದಲ್ಲಿ ಬಹಳ ಚರ್ಚಿತವಾಯಿತು. ಇಲ್ಲಿ ಕಥೆಯು ವಿದ್ಯಾರ್ಥಿಯಲ್ಲಿ ಮೊದಲೇ ಇದೆಯೆಂದು ಭಾವಿಸಿಲ್ಲ. ಅವನಿಗೆ ಒಂದು ಚಿಕ್ಕ ಕೆಲಸವನ್ನು, ಅನೇಕವೇಳೆ ಹುಡುಗಾಟದಂತೆ ತೋರುವ ಕೆಲಸವನ್ನು, ಕೊಡಲಾಗುತ್ತದೆ. ಅದನ್ನು ಮಾಡುತ್ತ ಮಾಡುತ್ತ ಅವನಿಗೆ ಹೇಳುವುದೇನಾದರೂ ಹೊಳೆಯಲೆಂಬುದು ಅಲ್ಲಿಯ ನಂಬಿಕೆ. ನಮ್ಮ ವಿಚಾರಕ್ಕೆ ಈ ಎರಡನೆಯ ಕವಲೇ ಹೆಚ್ಚು ಉಪಯುಕ್ತ. ಏಕೆಂದರೆ ಅಭ್ಯಾಸವೆಂಬ ಹೇತುವನ್ನು ಇಷ್ಟೊಂದು ನೆಚ್ಚಿದ ತರಗತಿ ಅಪರೂಪ.

೩

ಈ ತರಗತಿಯ ಹೃದಯವೆಂದರೆ ಅದರ ಅಭ್ಯಾಸಭಂಡಾರ. ಚಿತ್ರ, ವಿನ್ಯಾಸ, ಧ್ವನಿ, ಚಲಚ್ಚಿತ್ರ, ಬೆರಕೆ, ಬರವಣಿಗೆ ಮುಂತಾಗಿ ವಿಂಗಡಿಸಿದ ನೂರಾರು ಕೆಲಸಗಳು ಅಲ್ಲಿ ಸಂಗ್ರಹವಾಗಿವೆ. ಅವುಗಳನ್ನು ಅಧ್ಯಾಪಕನೊಬ್ಬನೇ ಬರೆದುದಲ್ಲ. ವಿದ್ಯಾರ್ಥಿಗಳೂ ಹೊರಗಿನಿಂದ ಬಂದವರೂ ತಮಗೆ ತೋಚಿದ ಹೊಸ ಕೆಲಸಗಳನ್ನು ಭಂಡಾರಕ್ಕೆ ಸೇರಿಸಬಹುದು. ಪ್ರತಿಯೊಂದು ಕೆಲಸಕ್ಕೂ ಅದರ ಕಾಠಿಣ್ಯವನ್ನು ಸೂಚಿಸುವ ನಕ್ಷತ್ರಗಳಿವೆ. ಈ ವಾರ ಧ್ವನಿಯ ವಿಭಾಗದಲ್ಲಿ ಇಷ್ಟು ನಕ್ಷತ್ರಗಳ ಕೆಲಸ ಮುಗಿಸಬೇಕೆಂದು ವಿಧಿಸಿದರೆ, ಯಾವುದನ್ನು ಆರಿಸಿಕೊಳ್ಳಬೇಕೆಂಬುದು ವಿದ್ಯಾರ್ಥಿಯ ಇಷ್ಟ. ೨೦೧೨ರ ಜನವರಿಯಿಂದ ಇದಕ್ಕೆ ದಿನಕ್ಕೊಂದು ಚಿಕ್ಕ ಸೃಷ್ಟಿ ಎಂಬ ಇನ್ನೊಂದು ಕ್ರಮವೂ ಕೂಡಿಕೊಂಡಿತು. ದಿನಬೆಳಗಾದರೆ ಒಂದು ಸೂಚನೆ ಬರುತ್ತದೆ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಅದನ್ನು ಮಾಡಿ ಮುಗಿಸಬೇಕು.

ಇದನ್ನು ಓದಿದ ಕನ್ನಡ ವಾಚಕರಿಗೆ ಕೂಡಲೆ ನೆನಪಾಗುವುದು ಸಮಸ್ಯಾಪೂರ್ತಿ. ಅವಧಾನದ ಸಭೆಯಲ್ಲಿ ಪೃಚ್ಛಕನೊಬ್ಬನು ಅರ್ಥಕ್ಕೆ ಅಸಂಗತವೆನಿಸುವ ಒಂದು ಸಾಲನ್ನು ಕೊಡುತ್ತಾನೆ. ಮತ್ತೊಬ್ಬನು ನಾಲ್ಕು ಸಂಬಂಧವಿಲ್ಲದ ಪದಗಳನ್ನು ಕೊಟ್ಟು ದತ್ತಪದಿಯನ್ನು ಬೇಡುತ್ತಾನೆ. ಇನ್ನೊಬ್ಬನು ಅಕ್ಷರ ಅಕ್ಷರಕ್ಕೂ ನಿಷೇಧವನ್ನೊಡ್ಡುತ್ತಾನೆ. ಶತಾವಧಾನಿ ರಾ. ಗಣೇಶರು ಈ ಕಲೆಯನ್ನು ನಮ್ಮ ಕಾಲದಲ್ಲಿ ಕನ್ನಡದಲ್ಲಿ ಮತ್ತೆ ಜೀವಂತಗೊಳಿಸಿದ ಮೇಲೆ, ಹೊರನಾಡಿನ ನಗರಗಳಲ್ಲಿಯೂ ಇದರ ರುಚಿಯನ್ನು ಬಲ್ಲವರಿದ್ದಾರೆ. ಹೊರಗಿನಿಂದ ಬಂದ ನಿರ್ಬಂಧವು ಕಲ್ಪನೆಯ ಕೈಯನ್ನು ಕಟ್ಟುವುದಿಲ್ಲ; ಎಲ್ಲಿಂದ ಆರಂಭಿಸಲೆಂದು ತಿಳಿಯದೆ ತಬ್ಬಿಬ್ಬಾದವನಿಗೆ ಅದು ಊರುಗೋಲಾಗುತ್ತದೆ. ಬಿಳಿಯ ಕಾಗದದ ಮುಂದೆ ಕುಳಿತು ನಿನಗೆ ಬಂದುದನ್ನು ಬರೆ ಎಂದರೆ ಬೆವರುವ ಹುಡುಗನು, ಐದು ಸದ್ದುಗಳಿಂದ ಒಂದು ಕಥೆ ಮಾಡು ಎಂದೊಡನೆ ಚುರುಕಾಗುವುದನ್ನು ಯಾವ ಉಪಾಧ್ಯಾಯನೂ ಬಲ್ಲನು.

ಆದರೆ ಸಾದೃಶ್ಯವು ಇಲ್ಲಿಗೆ ನಿಲ್ಲುತ್ತದೆ. ಸಮಸ್ಯೆಯ ಪೂರ್ತಿಯಲ್ಲಿ ನಾಲ್ಕು ಪಾದಗಳು ತುಂಬಿದವೆಂಬುದಕ್ಕೆ ಯಾರೂ ತಲೆದೂಗುವುದಿಲ್ಲ. ಅಸಂಗತವಾಗಿದ್ದ ಸಾಲು, ಉಳಿದ ಮೂರು ಸಾಲುಗಳು ಸೇರಿದಮೇಲೆ, ಬೇರೆ ರೀತಿಯಲ್ಲಿ ಇರಲು ಸಾಧ್ಯವೇ ಇಲ್ಲವೆನ್ನುವಷ್ಟು ಸಹಜವಾಯಿತೇ ಎಂಬುದನ್ನು ಸಭೆ ನೋಡುತ್ತದೆ. ಅಭ್ಯಾಸಭಂಡಾರದ ನಕ್ಷತ್ರಗಳಾದರೋ ಕೆಲಸದ ಕಾಠಿಣ್ಯವನ್ನು ಅಳೆಯುತ್ತವೆ; ಮಾಡಿದ ಕೃತಿಯ ಗುಣವನ್ನು ಅಳೆಯುವುದಿಲ್ಲ. ನಾಲ್ಕು ನಕ್ಷತ್ರಗಳ ಕೆಲಸವನ್ನು ನೀರಸವಾಗಿ ಮುಗಿಸಿದವನಿಗೂ ನಾಲ್ಕೇ, ಅದರಲ್ಲಿ ಪ್ರಾಣವನ್ನು ತುಂಬಿದವನಿಗೂ ನಾಲ್ಕೇ. ವಾರದ ಕೊನೆಯ ದಿನದಂದು ನಕ್ಷತ್ರಗಳ ಲೆಕ್ಕವನ್ನು ಭರ್ತಿಮಾಡಲು ಕುಳಿತ ವಿದ್ಯಾರ್ಥಿಗೆ ಪೂರ್ತಿಯೇ ಗುರಿಯಾಗಿಬಿಡುವ ಅಪಾಯವಿದೆ. ಈ ದೋಷವನ್ನು ಮೊದಲೇ ಒಪ್ಪಿಕೊಂಡು, ಕೆಲಸಗಳನ್ನೇ ಒಂದೊಂದಾಗಿ ನೋಡೋಣ. ಏಕೆಂದರೆ ಅವೆಲ್ಲವೂ ಒಂದೇ ತೂಕದವಲ್ಲ.

೪

ಒಂದು ಭಾವಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ, ಅದರಲ್ಲಿ ಒಂದು ವಸ್ತುವಿಗೆ ಮಾತ್ರ ಬಣ್ಣವನ್ನು ಉಳಿಸುವ ಅಭ್ಯಾಸವೊಂದಿದೆ. ನೋಡಲು ಸೊಗಸು. ಆದರೆ ಇದರಲ್ಲಿ ಕೈಗೆ ಕೆಲಸವಿದೆಯೇ ಹೊರತು ಕಥೆಗೆ ಆಸ್ಪದ ಕಡಿಮೆ. ಕೆಂಪು ಕೊಡೆಯೊಂದು ಬೂದುಬಣ್ಣದ ಬೀದಿಯಲ್ಲಿ ಎದ್ದುಕಾಣುತ್ತದೆ. ಏಕೆ ಎದ್ದುಕಾಣಬೇಕೆಂದು ಕೇಳಿದರೆ ಉತ್ತರವಿಲ್ಲ. ಇದು ಬಳಪ ಹಿಡಿಯುವುದನ್ನು ಕಲಿತಂತೆ, ಅವಶ್ಯಕವಾದರೂ ಅಷ್ಟರಿಂದಲೇ ತೃಪ್ತಿಪಡತಕ್ಕದ್ದಲ್ಲ.

ಎರಡನೆಯದೊಂದು ಕೀಟಲೆಯ ಅಭ್ಯಾಸ. ಪ್ರಸಿದ್ಧ ವ್ಯಕ್ತಿಯೊಬ್ಬನ ಚಿತ್ರ, ಅದರ ಮೇಲೆ ಮತ್ತೊಬ್ಬನ ಮಾತು, ಕೆಳಗೆ ಮೂರನೆಯವನ ಹೆಸರು. ಮೂವರಿಗೂ ಏನಾದರೊಂದು ಹೋಲಿಕೆಯಿರಬೇಕು. ಬಲ್ಲವರು ನೋಡಿ ಸಿಟ್ಟಾಗಬೇಕು. ಮೇಲುನೋಟಕ್ಕೆ ಇದು ಹಾಸ್ಯ. ಆದರೆ ಸಂತರ ಹೆಸರಿನಲ್ಲಿ, ಮಹಾತ್ಮರ ಹೆಸರಿನಲ್ಲಿ, ಕವಿಗಳ ಹೆಸರಿನಲ್ಲಿ ಅವರು ಆಡದ ಮಾತುಗಳು ದಿನವೂ ನಮ್ಮ ಮೊಬೈಲುಗಳಿಗೆ ಬಂದು ಬೀಳುವ ಈ ಕಾಲದಲ್ಲಿ, ಅಂತಹುದೊಂದನ್ನು ತನ್ನ ಕೈಯಿಂದಲೇ ಮಾಡಿದ ವಿದ್ಯಾರ್ಥಿ ಮುಂದೆ ಸುಲಭವಾಗಿ ಮೋಸಹೋಗಲಾರ. ಅಂಕಿತವಿದ್ದ ಮಾತ್ರಕ್ಕೆ ಅದು ವಚನಕಾರನದೇ ಎಂದು ಹೇಳಲಾಗದೆಂಬುದನ್ನು ನಮ್ಮ ಪಾಠಸಂಶೋಧಕರು ವರ್ಷಗಟ್ಟಲೆ ಶ್ರಮದಿಂದ ಕಲಿಸಿದರು. ಈ ಕೀಟಲೆಯು ಅದನ್ನು ಅರ್ಧ ಗಂಟೆಯಲ್ಲಿ ರುಚಿತೋರಿಸುತ್ತದೆ.

ಈಚಿನ ಚಲಚ್ಚಿತ್ರವೊಂದರ ಪ್ರಚಾರದ ತುಣುಕನ್ನು ಮೂಕಿಚಿತ್ರವನ್ನಾಗಿ ಮಾರ್ಪಡಿಸುವ ಅಭ್ಯಾಸವು ಮೂರನೆಯದು. ಬಣ್ಣವನ್ನು ತೆಗೆದು, ಸಂಭಾಷಣೆಯನ್ನು ಅಳಿಸಿ, ನಡುನಡುವೆ ಬರಹದ ಫಲಕಗಳನ್ನಿಟ್ಟು, ವಾದ್ಯಸಂಗೀತವನ್ನು ಕೂಡಿಸಬೇಕು. ಮಾತನ್ನು ಕಳೆದುಕೊಂಡ ದೃಶ್ಯದಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಕುಸಿಯುತ್ತದೆ ಎಂಬುದು ಇಲ್ಲಿ ತಾನಾಗಿ ತಿಳಿಯುತ್ತದೆ. ಇದು ನಿಜವಾದ ವಿಮರ್ಶೆಯ ಪಾಠ.

ಆದರೆ ಎಲ್ಲಕ್ಕಿಂತ ಸಾರವತ್ತಾದುದು ನಾಲ್ಕು ಚಿಹ್ನೆಗಳ ಅಭ್ಯಾಸ. ಒಂದು ಕಥೆಯನ್ನೋ ಚಲಚ್ಚಿತ್ರವನ್ನೋ ಅದರ ಮೂಲಾಂಶಗಳಿಗೆ ಇಳಿಸಿ, ಆ ಅಂಶಗಳನ್ನು ರಸ್ತೆಯ ಫಲಕಗಳಲ್ಲಿರುವಂತಹ ನಾಲ್ಕು ಸರಳ ಚಿಹ್ನೆಗಳಿಂದ ತೋರಿಸಬೇಕು. ನೋಡಿದವರು ಕಥೆಯನ್ನು ಗುರುತಿಸಬೇಕು. ಅಮೆರಿಕೆಯ ವಿದ್ಯಾರ್ಥಿಗಳು ತಮಗೆ ಪರಿಚಿತವಾದ ಚಲಚ್ಚಿತ್ರಗಳಿಂದ ಇದನ್ನು ಮಾಡಿದರು. ನಾವು ನಮ್ಮ ಮಕ್ಕಳೆಲ್ಲರೂ ಬಲ್ಲ ಗೋವಿನ ಹಾಡಿನ ಕಥೆಯನ್ನು ತೆಗೆದುಕೊಂಡು ನೋಡಬಹುದು. ಮೊದಲ ಮೂರು ಚಿಹ್ನೆಗಳಿಗೆ ಯೋಚಿಸಬೇಕಾದುದೇ ಇಲ್ಲ: ಹಸು, ಕರು, ಹುಲಿ. ನಾಲ್ಕನೆಯದು ಯಾವುದು? ಹುಲಿಯು ಕೊನೆಗೆ ಬಿದ್ದು ಪ್ರಾಣಬಿಟ್ಟಿತೆಂದು ಒಂದು ಬೆಟ್ಟದ ತುದಿಯನ್ನು ಬರೆಯಬಹುದು. ನಾಲ್ಕೂ ತುಂಬಿದವು, ಅಭ್ಯಾಸ ಪೂರ್ತಿಯಾಯಿತು. ಕಥೆಯನ್ನು ಗುರುತಿಸಲೂಬಹುದು.

ಆದರೂ ಅದರಲ್ಲಿ ಏನೋ ಕೊರತೆಯಾಗಿದೆ. ಆ ಕಥೆಯ ಪ್ರಾಣವಿರುವುದು ಹಸುವಿನಲ್ಲಿಯೂ ಅಲ್ಲ, ಹುಲಿಯಲ್ಲಿಯೂ ಅಲ್ಲ, ಕೊಟ್ಟ ಮಾತಿನಲ್ಲಿ. ಮಾತಿಗೆ ಆಕಾರವಿಲ್ಲವಾದ್ದರಿಂದ ಅದನ್ನು ಚಿಹ್ನೆಯಲ್ಲಿ ಬರೆಯಲಾಗದು. ಇಲ್ಲಿಗೆ ಬಂದು ನಿಂತ ವಿದ್ಯಾರ್ಥಿಗೆ ನಿಜವಾದ ಸಮಸ್ಯೆ ಎದುರಾಗುತ್ತದೆ. ಅವನು ಕರುವನ್ನು ಬಿಡಬೇಕೇ, ಬೆಟ್ಟವನ್ನು ಬಿಡಬೇಕೇ? ಹಸುವಿನ ಗೊರಸುಗಳ ಗುರುತು ದೊಡ್ಡಿಯ ಕಡೆಗೆ ಒಂದು ಸಾಲು, ಗುಹೆಯ ಕಡೆಗೆ ಮರಳಿ ಒಂದು ಸಾಲು ಎಂದು ಬರೆದರೆ ಹೇಗೆ? ಹೋದ ಹೆಜ್ಜೆ ಯಾರದಾದರೂ ಆಗಬಹುದು. ಮರಳಿ ಬಂದ ಹೆಜ್ಜೆ ಪುಣ್ಯಕೋಟಿಯದು ಮಾತ್ರ. ಹಾಗೆ ಬರೆದವನು ಕಥೆಯನ್ನು ಅರ್ಥಮಾಡಿಕೊಂಡನೆಂದು ನಿಸ್ಸಂಶಯವಾಗಿ ಹೇಳಬಹುದು. ಬೆಟ್ಟವನ್ನು ಬರೆದವನು ಕಥೆಯ ಕೊನೆಯನ್ನು ಹೇಳಿದನು. ಮರಳುವ ಹೆಜ್ಜೆಯನ್ನು ಬರೆದವನು ಅದರ ಅರ್ಥವನ್ನು ಹೇಳಿದನು. ಇಬ್ಬರಿಗೂ ನಕ್ಷತ್ರಗಳು ಸಮಾನವೇ.

ಇದರಿಂದ ಒಂದು ಲಕ್ಷಣವನ್ನು ಹೇಳಬಹುದೆಂದು ತೋರುತ್ತದೆ. ಏನನ್ನಾದರೂ ಕೂಡಿಸು ಎಂದು ಮಾತ್ರ ಹೇಳುವ ಅಭ್ಯಾಸವು ಕೈಚಳಕವನ್ನು ಬೆಳೆಸುತ್ತದೆ. ಪ್ರಿಯವಾದುದೊಂದನ್ನು ಬಿಟ್ಟುಕೊಡಲೇಬೇಕಾದ ಸಂದರ್ಭವನ್ನು ಒಡ್ಡುವ ಅಭ್ಯಾಸವು ಕಥೆಯನ್ನು ಕಲಿಸುತ್ತದೆ. ಲ್ಯಾಂಬರ್ಟನ ಏಳು ಅಂಗಗಳಲ್ಲಿ ಮಿತವ್ಯಯವೆಂಬುದೂ ಒಂದಾಗಿರುವುದಕ್ಕೆ ಇದೇ ಕಾರಣ.

೫

ಬರಿಯ ಓದಿನಿಂದ ಇಂತಹ ವಿಷಯದಲ್ಲಿ ನಿರ್ಣಯ ಹೇಳುವುದು ಸರಿಯಲ್ಲವೆಂದು ತೋರಿ, ಭಂಡಾರದ ಒಂದು ಅಭ್ಯಾಸವನ್ನು ನಾನೂ ಮಾಡಿನೋಡಿದೆ. ಅದು ಸದ್ದುಗಳ ಕಥೆ. ಒಂದು ಮಾತನ್ನೂ ಬಳಸದೆ, ಅಂತರಜಾಲದಲ್ಲಿ ದೊರೆಯುವ ಕನಿಷ್ಠ ಐದು ಸದ್ದುಗಳನ್ನು ಜೋಡಿಸಿ, ತೊಂಬತ್ತು ಸೆಕೆಂಡುಗಳೊಳಗೆ ಒಂದು ಕಥೆಯನ್ನು ಹೇಳಬೇಕೆಂಬುದು ನಿಯಮ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ೨೦೦೫ರಲ್ಲಿ ಆರಂಭವಾದ ಫ್ರೀಸೌಂಡ್ ಎಂಬ ಸಂಗ್ರಹದಲ್ಲಿ ಜಗತ್ತಿನ ನಾನಾ ಸದ್ದುಗಳನ್ನು ಜನರು ಉಚಿತವಾಗಿ ಇಟ್ಟಿದ್ದಾರೆ. ವಿದ್ಯಾರ್ಥಿಗಳು ಅಲ್ಲಿಂದಲೇ ಆರಿಸಿಕೊಳ್ಳುವುದು ವಾಡಿಕೆ.

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ವಿಷಯ ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ಕರಾವಳಿಯಿಂದ ಬಂದು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಓದಿ ಮುಂದೆ ಬಂದ ತಲೆಮಾರು ನಮ್ಮ ನಡುವೆ ಇದ್ದಿತು. ಆ ಹುಡುಗನೊಬ್ಬನ ಒಂದು ದಿನವನ್ನು ಸದ್ದಿನಲ್ಲಿ ಹೇಳಲು ಯತ್ನಿಸಿದೆ. ಮೊದಲು ಲೋಟ ಬಸಿಗಳ ಕಲಕಲ, ಆಮೇಲೆ ಕಬ್ಬಿಣದ ಷಟರನ್ನು ಎಳೆದ ಸದ್ದು, ಓಡುವ ಹೆಜ್ಜೆ, ಗಂಟೆ, ಸ್ಲೇಟಿನ ಮೇಲೆ ಕಡ್ಡಿಯಿಂದ ಬರೆಯುವ ಕಿರುಸದ್ದು. ಕೊನೆಗೆ, ಅವನಿಗೆ ಮನೆಯ ನೆನಪು ಬಂದಿತೆಂದು ಸೂಚಿಸಲು, ಮೊಸರು ಕಡೆಯುವ ಕಡೆಗೋಲಿನ ಸದ್ದು. ಇದೊಂದು ಸದ್ದು ನನಗೆ ಸಂಗ್ರಹದಲ್ಲಿ ದೊರೆಯದೆ, ನಿಯಮವನ್ನು ಮೀರಿ, ಊರಿನ ಬಂಧುಗಳೊಬ್ಬರಿಂದ ಮೊಬೈಲಿನಲ್ಲಿ ಹಿಡಿಸಿ ತರಿಸಿಕೊಂಡೆ. ಜೋಡಿಸುವುದಕ್ಕೆ ಎರಡು ಸಂಜೆಗಳು ಬೇಕಾದವು. ಮುಗಿದಾಗ ಒಳ್ಳೆಯ ಕೆಲಸವಾಯಿತೆಂಬ ಸಮಾಧಾನವಿತ್ತು.

ರಾತ್ರಿಶಾಲೆಯಲ್ಲಿ ಕಲಿತ ವೃದ್ಧ ಮಿತ್ರರೊಬ್ಬರಿಗೆ ಇದನ್ನು ಕೇಳಿಸಿದೆ. ಗಂಟೆಯ ಸದ್ದಿಗೆ ಅವರು ತಲೆಯೆತ್ತಿದರು. ಕಡೆಗೋಲಿನ ಸದ್ದಿಗೆ ಸುಮ್ಮನಾದರು. ಬಹಳ ಹೊತ್ತು ಮಾತನಾಡಲಿಲ್ಲ. ಅದೇ ಸಂಜೆ ಮೊಮ್ಮಗಳಿಗೂ ಕೇಳಿಸಿದೆ. ಹನ್ನೊಂದು ವರ್ಷದ ಹುಡುಗಿ, ಬುದ್ಧಿವಂತೆ, ಮನೆಯಲ್ಲಿ ಕನ್ನಡ ಮಾತನಾಡುವವಳು. ಸ್ಲೇಟಿನ ಸದ್ದು ಬಂದಾಗ, “ಅಜ್ಜ, ಇಲಿ ಕಾಗದ ಕೆರೆಯುತ್ತಿದೆಯಾ?” ಎಂದು ಕೇಳಿದಳು. ಕೊನೆಯ ಸದ್ದನ್ನು ಬಟ್ಟೆ ಒಗೆಯುವ ಯಂತ್ರವೆಂದು ನಿರ್ಧರಿಸಿದಳು. ಹೋಟೆಲಿನಲ್ಲಿ ಇಲಿ ಬಂದುದರಿಂದ ಅಂಗಡಿ ಮುಚ್ಚಿ ಎಲ್ಲವನ್ನೂ ತೊಳೆದರೆಂಬುದು ಅವಳು ಕೇಳಿದ ಕಥೆ. ಅದೂ ಸುಸಂಬದ್ಧವಾದ ಕಥೆಯೇ ಎಂದು ಒಪ್ಪಬೇಕಾಯಿತು.

ಈ ಅನುಭವದಿಂದ ನನಗೆ ತಿಳಿದುದಿಷ್ಟು. ಮಾತಿಗೆ ಭಾಷೆಯ ಮಿತಿಯುಂಟು, ಚಿತ್ರಕ್ಕೂ ಸದ್ದಿಗೂ ಅದಿಲ್ಲ, ಅವು ಯಾರಿಗೂ ತಿಳಿಯುತ್ತವೆ ಎಂಬ ನಂಬಿಕೆಯಿಂದಲೇ ಮಕ್ಕಳಿಗೆ ಡಿಜಿಟಲ್ ಕಥನವನ್ನು ಕಲಿಸಬೇಕೆಂದು ಅನೇಕರು ಹೇಳುತ್ತಾರೆ. ಈ ನಂಬಿಕೆ ನಿಲ್ಲುವಂತಹುದಲ್ಲ. ಸದ್ದಿಗೂ ಕೋಶವಿದೆ, ವ್ಯಾಕರಣವಿದೆ, ಅದನ್ನು ಆಡುವ ಜನರಿದ್ದಾರೆ. ಕಡೆಗೋಲಿನ ಸದ್ದು ಒಂದು ಶಬ್ದದಷ್ಟೇ ಕನ್ನಡದ್ದು. ಅದನ್ನು ಬಳಸುವ ಮನೆಗಳು ಇಲ್ಲವಾದಂತೆ ಅದೂ ಹಳಗನ್ನಡವಾಗುತ್ತದೆ. ಮೊಮ್ಮಗಳು ಭಾಷೆಯನ್ನು ಉಳಿಸಿಕೊಂಡಿದ್ದಳು. ಆದರೆ ಆ ಸದ್ದಿನ ಅರ್ಥ ಅವಳ ತಲೆಮಾರಿಗೆ ದಾಟಿರಲಿಲ್ಲ.

೬

ಡಿ.ಎಸ್. ೧೦೬ರ ಗುಣವು ನಿಜವಾಗಿ ಗೋಚರಿಸುವುದು ಇಲ್ಲಿ. ಆ ತರಗತಿಯಲ್ಲಿ ಚಿತ್ರವನ್ನೋ ಸದ್ದನ್ನೋ ಮಾಡಿ ಒಪ್ಪಿಸಿದರೆ ಸಾಲದು. ಜೊತೆಯಲ್ಲಿ ಒಂದು ವಿವರಣೆಯನ್ನು ಬರೆಯಬೇಕು. ಈ ಕೆಲಸವನ್ನು ಏಕೆ ಆರಿಸಿಕೊಂಡೆ, ಯಾವ ಸಾಮಗ್ರಿಯನ್ನು ಎಲ್ಲಿಂದ ತಂದೆ, ಹೇಗೆ ಜೋಡಿಸಿದೆ, ಎಲ್ಲಿ ತಪ್ಪಿದೆ, ಏನನ್ನು ಹೇಳಬೇಕೆಂದಿದ್ದೆ ಎಂಬುದೆಲ್ಲವೂ ಅದರಲ್ಲಿರಬೇಕು. ವಿದ್ಯಾರ್ಥಿಗಳಿಗೆ ಇದು ಬೇಸರದ ಭಾಗವೆನಿಸುವುದುಂಟು. ಆದರೆ ಇಡೀ ಪದ್ಧತಿಯಲ್ಲಿ ಉಳಿದೆಲ್ಲವೂ ಸಾಧನ, ಇದೇ ಸಾಧ್ಯವೆಂದು ನನ್ನ ಅಭಿಪ್ರಾಯ.

ತಾಳಮದ್ದಳೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಪ್ರಸಂಗದ ಪದ್ಯ ಭಾಗವತನದು. ಅದು ಎಲ್ಲರಿಗೂ ಒಂದೇ. ಆ ಪದ್ಯದ ಮೇಲೆ ಅರ್ಥಧಾರಿಯು ಹೇಳುವ ಅರ್ಥ ಮಾತ್ರ ಅವನದು. ಸಭೆ ಸೇರುವುದು ಆ ಅರ್ಥವನ್ನು ಕೇಳಲು; ಎದುರಿನ ಅರ್ಥಧಾರಿ ಪ್ರಶ್ನೆ ಹಾಕಿದಾಗ ಅದು ಮತ್ತಷ್ಟು ಬೆಳೆಯುತ್ತದೆ. ಅಭ್ಯಾಸಭಂಡಾರದ ಕೆಲಸವು ಪದ್ಯದಂತೆ. ವಿದ್ಯಾರ್ಥಿಯ ವಿವರಣೆ ಅರ್ಥದಂತೆ. ಮೊಮ್ಮಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ಅವಳಿಗೆ ಸದ್ದುಗಳ ಹಿನ್ನೆಲೆಯನ್ನು ಒಂದೊಂದಾಗಿ ಹೇಳಿ ಮತ್ತೆ ಕೇಳಿಸಿದಾಗ, ಅವಳು ಕೇಳಿದ ಮೊದಲ ಪ್ರಶ್ನೆ, “ಅವನು ಸ್ಲೇಟಿನ ಮೇಲೆ ಯಾರಿಗೆ ಬರೆಯುತ್ತಿದ್ದಾನೆ?” ಎಂಬುದು. ನಾನು ಅದನ್ನು ಯೋಚಿಸಿರಲಿಲ್ಲ. ಅಕ್ಷರವನ್ನು ತಿದ್ದುತ್ತಿದ್ದಾನೆಂದಷ್ಟೇ ನನ್ನ ಕಲ್ಪನೆಯಾಗಿತ್ತು. ಕಡೆಗೋಲಿನ ಸದ್ದು ಮುಂದೆ ಬರುವುದರಿಂದ ಅವನು ತಾಯಿಗೆ ಬರೆಯುತ್ತಿರಬೇಕು, ಆದರೆ ಸ್ಲೇಟನ್ನು ಅಂಚೆಗೆ ಹಾಕಲಾಗುವುದಿಲ್ಲವಲ್ಲ ಎಂದು ಅವಳೇ ಹೇಳಿದಳು. ಕಥೆ ಅಲ್ಲಿ ಆರಂಭವಾಯಿತು. ತೊಂಬತ್ತು ಸೆಕೆಂಡುಗಳ ಆ ಧ್ವನಿಮುದ್ರಿಕೆ ಅದಕ್ಕೆ ನಿಮಿತ್ತವಾಗಿತ್ತು.

ವಿವರಣೆಯನ್ನು ಎಲ್ಲಿ ಇಡಬೇಕೆಂಬ ವಿಷಯದಲ್ಲಿಯೂ ಆ ತರಗತಿಯು ವಿವೇಕವನ್ನು ತೋರಿಸಿತು. ವಿದ್ಯಾರ್ಥಿಯು ತನ್ನ ಕೆಲಸವನ್ನು ಅಧ್ಯಾಪಕನಿಗೆ ಒಪ್ಪಿಸಿ ಮರೆಯುವುದಿಲ್ಲ. ತನ್ನ ಹೆಸರಿನಲ್ಲಿ ಪಡೆದ ಅಂತರಜಾಲದ ನೆಲೆಯಲ್ಲಿ ಅದನ್ನು ಇಡುತ್ತಾನೆ. ತರಗತಿಯ ಮುಖ್ಯ ತಾಣವು ಅಲ್ಲಲ್ಲಿಂದ ಅವುಗಳನ್ನು ಒಂದೆಡೆ ಕಾಣಿಸುತ್ತದೆ. ಇದೇ ವಿಚಾರದಿಂದ ಆ ವಿಶ್ವವಿದ್ಯಾಲಯವು ೨೦೧೩ರಲ್ಲಿ ತನ್ನ ಹೊಸ ವಿದ್ಯಾರ್ಥಿಗಳಿಗೆ ಅವರವರದೇ ನೆಲೆಯನ್ನು ಒದಗಿಸುವ ಯೋಜನೆಯನ್ನು ಜಾರಿಗೆ ತಂದಿತು. ವರ್ಜೀನಿಯಾ ವುಲ್ಫ್‌ಳ ೧೯೨೯ರ ಪ್ರಸಿದ್ಧ ಪ್ರಬಂಧದ ಹೆಸರನ್ನು ನೆನಪಿಸುವಂತೆ ಆ ಯೋಜನೆಗೆ ಹೆಸರಿಟ್ಟರು; ಬರೆಯುವವಳಿಗೆ ಸ್ವಂತ ಕೋಣೆ ಬೇಕೆಂದು ಅವಳು ಹೇಳಿದಳು, ಇವರು ಸ್ವಂತ ತಾಣ ಬೇಕೆಂದರು. ಪರರ ತಾಣವನ್ನು ನಂಬಿ ಕೆಡುವುದು ಕಲ್ಪನೆಯ ಭಯವಲ್ಲ. ಲಕ್ಷಾಂತರ ಜನರು ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಎಂಬ ತಾಣವನ್ನು ಯಾಹೂ ಕಂಪನಿ ೨೦೦೯ರಲ್ಲಿ ಮುಚ್ಚಿಬಿಟ್ಟಿತು. ಸ್ವಂತ ನೆಲೆಗೂ ವರ್ಷದ ಬಾಡಿಗೆ ತಪ್ಪಿದ್ದಲ್ಲ. ಕಟ್ಟದೆ ಹೋದರೆ ಅದೂ ಅಳಿಯುತ್ತದೆ. ನಗರದಲ್ಲಿ ಬಾಡಿಗೆಯ ಮನೆಗಳನ್ನು ಬದಲಿಸುತ್ತ ಪುಸ್ತಕಗಳನ್ನೂ ಕಾಗದಗಳನ್ನೂ ಕಳೆದುಕೊಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

೭

ಈ ಪದ್ಧತಿಯ ವಿರುದ್ಧ ಹೇಳಬಹುದಾದ ಮಾತುಗಳಿಲ್ಲದಿಲ್ಲ. ಅದರ ಸಾಮಗ್ರಿಯ ಬಹುಭಾಗ ಅಮೆರಿಕೆಯ ಚಲಚ್ಚಿತ್ರ, ದೂರದರ್ಶನಗಳಿಂದ ಬಂದುದು. ವಿನೋದವೇ ಪ್ರಧಾನ, ಗಾಂಭೀರ್ಯ ಅಪರೂಪ. ಪರರ ಚಿತ್ರಗಳನ್ನು ಕತ್ತರಿಸಿ ಬಳಸುವುದರಲ್ಲಿ ಹಕ್ಕಿನ ಪ್ರಶ್ನೆಯಿದೆ. ಇವು ಪರಿಹಾರವಿರುವ ದೋಷಗಳು. ಆದರೆ ೨೦೨೨ರಿಂದ ಈಚೆಗೆ ಇವೆಲ್ಲಕ್ಕಿಂತ ದೊಡ್ಡದೊಂದು ತೊಡಕು ಎದುರಾಗಿದೆ. ಒಂದು ವಾಕ್ಯವನ್ನು ಬರೆದುಕೊಟ್ಟರೆ ಚಿತ್ರವನ್ನು ರಚಿಸಿಕೊಡುವ ಯಂತ್ರಗಳು ಸಾಮಾನ್ಯರ ಕೈಗೆ ಬಂದಿವೆ. ನಾಲ್ಕು ಚಿಹ್ನೆಗಳನ್ನು ಬರೆದುಕೊಡೆಂದರೆ ಕ್ಷಣಮಾತ್ರದಲ್ಲಿ ಬರೆದುಕೊಡುತ್ತವೆ. ಅಭ್ಯಾಸದ ಪೂರ್ತಿಗೆ ಈಗ ವಿದ್ಯಾರ್ಥಿಯೇ ಬೇಕಾಗಿಲ್ಲ.

ಹಾಗಾದರೆ ವಿವರಣೆಯನ್ನೇ ಪರೀಕ್ಷಿಸೋಣವೆಂದರೆ, ಅದನ್ನೂ ಯಂತ್ರವು ಬರೆದುಕೊಡಬಲ್ಲದು. ಎಲ್ಲಿ ತಪ್ಪಿದೆನೆಂಬುದನ್ನೂ ಸೊಗಸಾಗಿ ಕಲ್ಪಿಸಬಲ್ಲದು. ವಿವರಣೆಯೇ ಸಾಧ್ಯವೆಂದು ಈಗತಾನೆ ಹೇಳಿದ ನನ್ನ ಮಾತಿಗೂ ಇದು ಬಾಧಕವೆಂಬುದನ್ನು ಮರೆಮಾಚುವಂತಿಲ್ಲ. ಬರೆದ ವಿವರಣೆ ಸಾಲದು, ಎದುರಿಗೆ ಕೇಳುವವರಿರಬೇಕು. ಬೆಟ್ಟವನ್ನೇಕೆ ಬಿಟ್ಟೆ, ಹೆಜ್ಜೆಯನ್ನೇಕೆ ಇಟ್ಟೆ, ಸ್ಲೇಟಿನ ಮೇಲೆ ಯಾರಿಗೆ ಬರೆಯುತ್ತಿದ್ದಾನೆ ಎಂದು ಕೇಳಿದಾಗ ತಡವರಿಸಿ, ಯೋಚಿಸಿ, ಉತ್ತರ ಹೇಳುವವನಿಗೆ ಮಾತ್ರ ಆ ಕೃತಿ ಸ್ವಂತದ್ದು. ಅವಧಾನಿಯ ಎದುರಿಗೆ ಪೃಚ್ಛಕರು ಕುಳಿತಿರುವುದೂ, ಕಾವ್ಯವನ್ನು ಬಲ್ಲವರ ಶಿಕ್ಷಣವೆಂಬ ಪದವನ್ನು ಅಭ್ಯಾಸಕ್ಕೆ ವಿಶೇಷಣವಾಗಿ ಮಮ್ಮಟನು ಸೇರಿಸಿದುದೂ ಇದೇ ಕಾರಣದಿಂದಿರಬೇಕು. ಬಲ್ಲವರ ಸಮಕ್ಷಮವಿಲ್ಲದ ಅಭ್ಯಾಸ ಲೆಕ್ಕದ ಭರ್ತಿಯಾಗಿ ಉಳಿಯುತ್ತದೆ.

ಈ ದೃಷ್ಟಿಯಿಂದ ನೋಡಿದರೆ, ನಮ್ಮ ನಗರಗಳ ಕನ್ನಡ ಸಂಘಗಳಿಗೆ ಫ್ರೆಡರಿಕ್ಸ್‌ಬರ್ಗಿನ ತರಗತಿಗೂ ಇಲ್ಲದ ಒಂದು ಅನುಕೂಲವಿದೆ. ಅಲ್ಲಿ ವಿದ್ಯಾರ್ಥಿಯ ಕೃತಿಗೆ ಅಭಿಪ್ರಾಯ ಬರೆಯುತ್ತಿದ್ದವರು ಬಹುಮಟ್ಟಿಗೆ ದೂರದ ಅಪರಿಚಿತರು. ಇಲ್ಲಿ ಕಡೆಗೋಲಿನ ಸದ್ದನ್ನು ಕೇಳಿ ಸುಮ್ಮನಾಗುವ ಹಿರಿಯರೂ, ಅದನ್ನು ಯಂತ್ರವೆಂದು ತಿಳಿಯುವ ಮಕ್ಕಳೂ ಒಂದೇ ಸಭಾಗೃಹದಲ್ಲಿ ಕುಳಿತುಕೊಳ್ಳುತ್ತಾರೆ. ಆದುದರಿಂದ ತರಗತಿಯನ್ನು ನಡೆಸುವುದಾದರೆ ನಕ್ಷತ್ರಗಳ ಲೆಕ್ಕವನ್ನು ಕೈಬಿಡುವುದು ಮೇಲು. ತಿಂಗಳಿಗೊಂದು ಅಭ್ಯಾಸ ಸಾಕು. ಆದರೆ ಅದನ್ನು ಮಾಡಿದ ಮಗುವು ಹಿರಿಯರೊಬ್ಬರ ಎದುರಿಗೆ ಕುಳಿತು, ಅವರ ಪ್ರಶ್ನೆಗಳಿಗೆ ತನಗೆ ಬಂದ ಕನ್ನಡದಲ್ಲಿ ಉತ್ತರ ಹೇಳಬೇಕು. ಆ ಪ್ರಶ್ನೋತ್ತರವನ್ನೂ ಧ್ವನಿಮುದ್ರಿಸಿ, ಕೃತಿಯ ಜೊತೆಯಲ್ಲಿ ಸಂಘದ ಗ್ರಂಥಾಲಯದಲ್ಲಿಯೇ ಕಾಪಾಡಬೇಕು. ಹಿರಿಯರಿಗೂ ಇದರಿಂದ ಶಿಕ್ಷಣವುಂಟು. ತಾವು ಸ್ವತಃಸಿದ್ಧವೆಂದು ತಿಳಿದುಕೊಂಡ ಸದ್ದುಗಳಲ್ಲಿ ಎಷ್ಟಕ್ಕೆ ಈಗ ಅರ್ಥ ಹೇಳಬೇಕಾಗಿದೆಯೆಂಬುದು ಅವರಿಗೆ ತಿಳಿಯುತ್ತದೆ.

ಆ ವೃದ್ಧ ಮಿತ್ರರಿಗೆ ಮೊಮ್ಮಗಳ ಪ್ರಶ್ನೆಯನ್ನು ಮರುವಾರ ಹೇಳಿದೆ. ತಾವು ಮೊದಲ ಸಲ ಊರಿಗೆ ಬರೆದ ಕಾಗದವನ್ನು ರಾತ್ರಿಶಾಲೆಯ ಮಾಸ್ತರರು ತಿದ್ದಿಕೊಟ್ಟರೆಂದೂ, ಮೊದಲು ಅದನ್ನು ಸ್ಲೇಟ��ನ ಮೇಲೆಯೇ ಬರೆದಿದ್ದೆನೆಂದೂ ಅವರು ಹೇಳಿದರು. ಅವರನ್ನು ಬಲ್ಲ ನಲವತ್ತು ವರ್ಷಗಳಲ್ಲಿ ಈ ಸಂಗತಿಯನ್ನು ನಾನು ಕೇಳಿದುದು ಅದೇ ಮೊದಲು.